ಕಿತ್ತ ಬಲ್ಬು, ಒಡೆದ ಡ್ಯಾಶ್‌ಬೋರ್ಡು

ವೀಲ್ ಸ್ಪ್ಯಾನರ್ ನನ್ನ ಮೂಗಿನ ಪಕ್ಕದಲ್ಲೇ ಹಾದು ಸೀಟಿಗೆ ಬಡಿಯಿತು!

ನಾನು ಹಳೇ ಲಾರಿಯ ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಬಿದ್ದಿದ್ದೆ. ಕೈಯಲ್ಲಿ ಟಾರ್ಚು. ಬಾಗಿಲಲ್ಲಿ ಲಾರಿಯ ಮಾಲೀಕ.

"ಯಾರೋ ನೀನು? ಇಳಿಯೋ ಕೆಳಗೆ!"

"ನಿಮ್ಮ ಡ್ರೈವರ್‌ನ ಅಣ್ಣ."

ಅವನ ಮುಖ ಬಿಳಿಚಿಕೊಂಡಿತು.

ಕಳುವಾದ ಗಾಡಿ ಹುಡುಕಿ ತರುವುದು ನನ್ನ ಕಸುಬು, ಸ್ವಾಮಿ. ಏಟು ತಿನ್ನುವುದು, ಕೊಡುವುದು ಎರಡೂ ಅಭ್ಯಾಸ. ಆದರೆ ಅವತ್ತಿನಂಥ ಸಿಟ್ಟು ಈ ಜನ್ಮದಲ್ಲಿ ಬಂದಿರಲಿಲ್ಲ. ನನ್ನ ತಮ್ಮ ಆಸ್ಪತ್ರೆಯಲ್ಲಿದ್ದ. ಎರಡೂ ಕಾಲಿಗೆ ಪ್ಲಾಸ್ಟರ್... ಕೈಗೆ ಬೇಡಿ! ಅವನು ಕೆಲಸಕ್ಕೆ ಸೇರಿ ತಿಂಗಳಾಗಿತ್ತು ಅಷ್ಟೇ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಲಾರಿ ಅಂಗಡಿಯೊಂದಕ್ಕೆ ನುಗ್ಗಿತ್ತು. ಅಂಗಡಿಯಾಕೆ ಸತ್ತಿದ್ದಳು.

ಬ್ರೇಕ್ ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಲೈಟ್ ಉರಿಯಬೇಕು. ಉರಿಯಲೇ ಇಲ್ಲ ಅಂತ ತಮ್ಮ. ಅವನೇ ಬಲ್ಬು ಕಿತ್ತು ಬಿಸಾಕಿದ್ದಾನೆ ಅಂತ ಮಾಲೀಕ. ಪೊಲೀಸರು ನಂಬಿದ್ದು ಮಾಲೀಕನ ಇಸ್ತ್ರಿ ಮಾಡಿದ ಅಂಗಿಯನ್ನು.

ಮಧ್ಯಾಹ್ನ ಲಾರಿಯನ್ನು ತಪಾಸಣೆಗೆ ಎಳೆದೊಯ್ಯಬೇಕಿತ್ತು. ಅಷ್ಟರೊಳಗೆ ಡ್ಯಾಶ್‌ಬೋರ್ಡಿನ ಬಿರುಕು ರಿಪೇರಿ ಆಗಬೇಕಂತೆ! ಬಂಪರ್ ನೆಲಕ್ಕೆ ಜೋತುಬಿದ್ದಿದೆ, ಈ ಆಸಾಮಿಗೆ ಡ್ಯಾಶ್‌ಬೋರ್ಡಿನ ಚಿಂತೆ! ಅದಕ್ಕೇ ನಾನು ಶೆಡ್ಡಿಗೆ ನುಗ್ಗಿದ್ದು.

ಟಾರ್ಚ್ ಬೆಳಕು ಬಿಟ್ಟೆ. ಹಳೇ ಬಿರುಕಿಗೆ ಹಿಂದಿನಿಂದ ಬಟ್ಟೆ ಅಂಟಿಸಿ ರೆಸಿನ್ ಅಂಟು ಸುರಿದ ತೇಪೆ. ಹಳದಿಗಟ್ಟಿ ಕಲ್ಲಾಗಿದ್ದರೂ ಒಳಗಿನದು ಕಾಣುತ್ತಿತ್ತು. ಅದರೊಳಗೆ ಆ ಕೆಂಪು ಲೈಟಿನ ಬಲ್ಬು ಕೂರುವ ಹೋಲ್ಡರ್ ಹೂತುಹೋಗಿತ್ತು...

ಬಲ್ಬೇ ಇಲ್ಲ!

ಆಚೆ ಬಾಗಿಲಲ್ಲಿ ಶೆಡ್ಡಿನ ರಿಪೇರಿ ಮೇಸ್ತ್ರಿ ಇಣುಕುತ್ತಿದ್ದ.

"ಮೇಸ್ತ್ರೀ, ಈ ತೇಪೆ ಯಾರದು?"

"ನಂದೇ ಅಣ್ಣಾ... ಹೋದ ವರ್ಷದ್ದು."

"ಹೋಲ್ಡರ್ ಬಿಚ್ಚದೇ ಸುರಿದ್ಯಾ?"

"ಯಾರು ಬಿಚ್ತಾರೆ? ಆಮೇಲೆ ವೈರ್ ಜೋಡಿಸೋದ್ರಲ್ಲಿ ಅರ್ಧ ದಿನ ಹೋಗುತ್ತೆ. ನಾನು ಯಾವಾಗ್ಲೂ ಹಾಗೇ ಸುರಿಯೋದು."

"ಬಲ್ಬು?"

"ಸಾಹುಕಾರ್ರೇ ತೆಗೆಸಿದ್ರು. ಲೈಟ್ ಉರಿದ್ರೆ ಡ್ರೈವರ್‌ಗಳು ಲೋಡ್ ಎತ್ತಲ್ಲ ಅಂತ..."

"ಮುಚ್ಚೋ ಬಾಯಿ!"

ಮಾಲೀಕ ಕ್ಯಾಬಿನ್‌ಗೆ ಹತ್ತಿದ. ಸ್ಪ್ಯಾನರ್ ಎತ್ತಿದ. ಈ ಸಲ ಗುರಿ ನನ್ನ ತಲೆಯಲ್ಲ, ಆ ತೇಪೆ! ತಮ್ಮ ಕೆಲಸಕ್ಕೆ ಸೇರುವ ಮೊದಲೇ ಬಲ್ಬು ಇರಲಿಲ್ಲ ಅನ್ನುವುದಕ್ಕೆ ಅದೊಂದೇ ಸಾಕ್ಷಿ. ಅದು ಪುಡಿಯಾದರೆ ನನ್ನ ತಮ್ಮ ಜೈಲಿನಲ್ಲೇ ಮುದುಕನಾಗುತ್ತಾನೆ. ನಾನು ಅವನ ಮಣಿಕಟ್ಟು ತಿರುಚಿದೆ. ಸ್ಪ್ಯಾನರ್ ಹೊರಗೆ ಬಿತ್ತು. ಅವನ ಆಳುಗಳಿಬ್ಬರು ಓಡಿ ಬರುತ್ತಿದ್ದರು.

ಮಾಲೀಕನನ್ನು ಎಡಗಡೆ ಸೀಟಿಗೆ ತಳ್ಳಿ, ಮೇಸ್ತ್ರಿಯ ಕಾಲರ್ ಹಿಡಿದು ಒಳಗೆಳೆದೆ. ಸ್ಟೇರಿಂಗ್ ಹಿಂದೆ ಕೂತೆ. ಕೆಳಗಿನ ಎರಡು ವೈರ್ ಕಿತ್ತು ಕೂಡಿಸಿದೆ... ಎಂಜಿನ್ ಕೆಮ್ಮಿತು, ಗುಡುಗಿತು!

ಲಾರಿ ಶೆಡ್ಡಿನ ತಗಡಿನ ಬಾಗಿಲನ್ನು ಸೀಳಿಕೊಂಡು ಹೊರಬಿತ್ತು.

"ನಿಲ್ಸೋ! ಬ್ರೇಕ್ ಇಲ್ಲ ಇದಕ್ಕೆ! ಸಾಯ್ತೀವಿ!" ಮಾಲೀಕ ಕಿರುಚಿದ.

"ನನ್ನ ತಮ್ಮಂಗೆ ಯಾಕೋ ಇದನ್ನ ಹೇಳ್ಲಿಲ್ಲ?"

ನನ್ನ ಕಣ್ಣಲ್ಲಿ ನೀರು. ಸಿಟ್ಟಿಗೆ, ಸ್ವಾಮಿ!

ಸಿಟ್ಟಿದ್ದರೂ ಬುದ್ಧಿ ಕೆಟ್ಟಿರಲಿಲ್ಲ. ಗೋದಾಮುಗಳ ಹಿಂದಿನ ಖಾಲಿ ರಸ್ತೆ ಹಿಡಿದೆ. ಎರಡನೇ ಗೇರು ಬಿಟ್ಟು ಮೇಲೆ ಹೋಗಲಿಲ್ಲ. ಆಳುಗಳ ಬೈಕು ಬೆನ್ನು ಹತ್ತಿತು. ಒಬ್ಬ ಎಸೆದ ಕಲ್ಲು ಕನ್ನಡಿ ಒಡೆಯಿತು. ಮೇಸ್ತ್ರಿ ಕಣ್ಣು ಮುಚ್ಚಿ ಹೆಂಡತಿ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕರೆದ.

ತಪಾಸಣೆ ಅಂಗಳ... ಮೂಲೆಯಲ್ಲಿ ಮರಳಿನ ರಾಶಿ... ಮೊದಲನೇ ಗೇರು!

ಧಡ್!

ಲಾರಿ ನಿಂತಿತು. ಮಾಲೀಕ ಮಾತ್ರ ನಿಲ್ಲಲಿಲ್ಲ.

ಒಳಗಿನಿಂದ ತಪಾಸಣೆ ಸಾಹೇಬರು ಓಡಿ ಬಂದರು. ಬೈಕು ಗೇಟಿನಿಂದಲೇ ವಾಪಸ್ ತಿರುಗಿತು. ಮೇಸ್ತ್ರಿ ಕೇಳುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟ. ಸಾಹೇಬರು ಒಳಗೆ ಬಗ್ಗಿ ತೇಪೆಯನ್ನು ಉಗುರಿನಿಂದ ಕೆರೆದರು. ಖಾಲಿ ಹೋಲ್ಡರ್ ನೋಡಿದರು. ಆಮೇಲೆ ಸ್ಟೇಷನ್ನಿಗೆ ಫೋನ್ ಮಾಡಿದರು.

"ಆಸ್ಪತ್ರೆಲಿರೋ ಆ ಡ್ರೈವರ್ ಬೇಡಿ ಬಿಚ್ಚಿಸ್ರೀ. ಇಲ್ಲಿಗೊಂದು ತನ್ನಿ."

ಮತ್ತೆ ಡ್ಯಾಶ್‌ಬೋರ್ಡಿನ ಕಡೆ ಬೆರಳು ತೋರಿಸಿದರು.

"ಎಡಗಡೆ ಇರೋ ಈ ಹೊಸ ಬಿರುಕು?"

"ಮಾಲೀಕರ ಹಣೆ, ಸಾರ್. ಇದನ್ನ ಮಾತ್ರ ನನ್ನ ತಮ್ಮನ ತಲೆಗೆ ಕಟ್ಟೋಕಾಗಲ್ಲ!"