ದೋಣಿಗಲ್‌ನ ಶನಿವಾರದ ಪಾಠ

"ನಿಲ್ಸಿ! ಮೊದ್ಲು ಮೋಟರ್ ಆಫ್ ಮಾಡಿ!"

ತನುಜಾಳ ಕೂಗಿಗೆ ತೋಟದ ಸ್ಟೋರಿನಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಕಾಳುಮೆಣಸು ಬಿಡಿಸುವ ಯಂತ್ರ ಗರಗರ ಸದ್ದು ಮಾಡಿ ನಿಂತಿತು. ಅದರ ಬೆಲ್ಟಿಗೂ ಕೆಲಸದ ಗಂಗಾಮಣಿಯ ಸೆರಗಿಗೂ ನಡುವೆ ಇದ್ದದ್ದು ಒಂದೇ ಗೇಣು!

"ಯಾರ್ರೀ ನೀವು? ನಮ್ ತೋಟಕ್ಕೆ ಬಂದು ನಮಗೇ ಗದರ್ತೀರಲ್ಲ?"

ಮೋಹಿತ್ ಮುಂದೆ ಬಂದ. ದೋಣಿಗಲ್ ಬಳಿಯ ಆ ತೋಟ ನೋಡಿಕೊಳ್ಳುವವನು ಅವನೇ, ಯಂತ್ರವನ್ನು ಕೈಯಾರೆ ಮಾಡಿದವನೂ ಅವನೇ.

"ಹಾಸನದ ಎಂಜಿನಿಯರಿಂಗ್ ಕಾಲೇಜಿನ ಮೇಡಂ ನಾನು. ನಿಮ್ಮ ತಂದೆಯವರು ಬರೋಕೆ ಹೇಳಿದ್ರು. ನಮ್ಮ ಹುಡುಗ್ರು ವಾರವೆಲ್ಲ ಮೊಬೈಲಲ್ಲಿ ನನ್ನ ಪಾಠದ ವಿಡಿಯೋ ನೋಡ್ತಾರೆ. ಶನಿವಾರ ನಿಜವಾದ ಯಂತ್ರ ಮುಟ್ಟಿ ಕಲೀಬೇಕು... ಯಾರಿಗೂ ಪೆಟ್ಟಾಗದ ಹಾಗೆ ಯಂತ್ರ ಮಾಡೋದು ಹೇಗೆ ಅಂತ."

ಮೋಹಿತ್ ಗಂಗಾಮಣಿಯ ಸೆರಗಿನತ್ತ ನೋಡಿದ. ಸಿಟ್ಟು ಜರ್ರನೆ ಇಳಿಯಿತು.

"ಬನ್ನಿ ಮೇಡಂ. ನಂಗೂ ಕಲಿಸಿ."

ಹೀಗೆ ಶನಿವಾರಗಳು ಶುರುವಾದವು. ವಿದ್ಯಾರ್ಥಿಗಳು ಬೆಲ್ಟಿಗೆ ಕಬ್ಬಿಣದ ಜಾಲರಿ ಮಾಡಿ, ಸ್ಕ್ರೂ ಹಾಕಿ ಕೂರಿಸಿದರು. ಅವರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವನು ಮೋಹಿತ್! ಶುಕ್ರವಾರ ಬಂತೆಂದರೆ ತನುಜಾಳಿಗೆ ಕಾರಣವಿಲ್ಲದೆ ಖುಷಿ... ಕಾರಣ ಗೊತ್ತಿದ್ದೂ ಅವಳು ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಐದನೇ ಶನಿವಾರ ಬಂದಾಗ ಜಾಲರಿ ಮೂಟೆಗಳ ಹಿಂದೆ ಬಿದ್ದಿತ್ತು. ಬೆಲ್ಟು ಬಯಲಾಗಿತ್ತು!

"ಮಕ್ಕಳ ಕೆಲಸಕ್ಕೆ ಇಷ್ಟೇನಾ ಬೆಲೆ?" ಎಲ್ಲರೆದುರೇ ಅವಳು ಸಿಡಿದಳು. "ನಮ್ಮೆದುರು ಒಳ್ಳೆಯವರಾಗೋಕೆ ನಾಟಕ ಆಡಿದ್ರಾ ಮೋಹಿತ್?"

ಅವನು ಒಮ್ಮೆ ಗಂಗಾಮಣಿಯನ್ನು ನೋಡಿದ. ಹಾಗೇ ಹೊರಗೆ ನಡೆದುಬಿಟ್ಟ.

ಗಂಗಾಮಣಿ ಹತ್ತಿರ ಬಂದಳು.

"ಅವ್ರನ್ ಯಾಕವ್ವಾ ಬೈತೀಯ? ತೆಗ್ದಾಕಿದ್ದು ನಾನು. ಬೆಲ್ಟಿಗೆ ಮೆಣಸಿನ ಕಡ್ಡಿ ಸಿಕ್ಕಾಕ್ಕೊಂಡಾಗೆಲ್ಲ ನಾಕು ಸ್ಕ್ರೂ ಬಿಚ್ಚಬೇಕು... ಕೆಲ್ಸ ಸಾಗೋದು ಯಾವಾಗ? ಅವ್ರಿಗೂ ಈಗ್ಲೇ ಗೊತ್ತಾಗಿದ್ದು."

"ಮತ್ತೆ... ಹೇಳ್ಬೋದಿತ್ತಲ್ಲ?"

"ಎಲ್ರ ಮುಂದೆ ನಂಗೆ ಬೈಗುಳ ಬೀಳ್ತದೆ ಅಂತ ಸುಮ್ಕೆ ಹೋದ್ರು."

ತನುಜಾ ಮೂಟೆಗಳ ಹಿಂದಿನಿಂದ ಜಾಲರಿ ಎತ್ತಿಕೊಂಡಳು. ಅಯ್ಯೋ, ಯಂತ್ರದ ಮುಂದೆ ದಿನವಿಡೀ ನಿಲ್ಲುವವಳನ್ನು ನಾವು ಒಂದು ಮಾತೂ ಕೇಳಲಿಲ್ಲವಲ್ಲ!

ಅವಳು ವಿದ್ಯಾರ್ಥಿಗಳ ಕಡೆ ತಿರುಗಿದಳು. "ಇದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ತೆಗೆಯದೆ ಕೆಲಸ ಸಾಗದಂಥ ಜಾಲರಿ ಮಾಡಿಸಿದ ತಪ್ಪು ನನ್ನದು. ವಿಚಾರಿಸದೆ ಮೋಹಿತ್ ಅವರನ್ನ ಬೈದಿದ್ದೂ ನನ್ನ ತಪ್ಪು. ಮುಂದಿನ ವಾರದ ಪಾಠ ಇದೇ."

ಪ್ರತಿ ವಾರ ಏನಾದರೂ ಕೇಳಲು ಬರುತ್ತಿದ್ದ ಅವನ ಫೋನ್ ಆ ವಾರ ಬರಲಿಲ್ಲ. ಶನಿವಾರ ಅವಳು ಗೇಟು ದಾಟಿ ನೇರ ಸ್ಟೋರಿಗೆ ನಡೆದಳು.

ಒಳಗೆ ಗಂಗಾಮಣಿ ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು. ಮೋಹಿತ್ ಅವಳು ಹೇಳಿದ ಹಾಗೇ ಜಾಲರಿಗೆ ಬಾಗಿಲಿನಂತೆ ತಿರುಗಣಿ ಹಾಕುತ್ತಿದ್ದ. ಒಂದೇ ಕೈಯಲ್ಲಿ ತೆರೆಯಬಹುದು. ತೆರೆದರೆ ಸ್ವಿಚ್ ಆಫ್ ಆಗಿ ಮೋಟರ್ ತಾನೇ ನಿಲ್ಲುತ್ತದೆ!

"ಪಾಠ ನೋಡ್ದೆ ಮೇಡಂ," ಎಂದ ಅವನು, ಎಣ್ಣೆಯ ಕೈ ಒರೆಸಿಕೊಳ್ಳುತ್ತ. "ಅಷ್ಟು ಜನ ನೋಡೋ ಪಾಠದಲ್ಲಿ ತಪ್ಪು ಒಪ್ಕೊಂಡ್ರಲ್ಲ... ಫೋನ್ ಮಾಡೋ ಬದ್ಲು ಇದನ್ನ ಸರಿ ಮಾಡೇ ತೋರ್ಸೋಣ ಅಂದ್ಕೊಂಡೆ."

"ಬೇಜಾರು ಹೋಯ್ತಾ?"

"ಹೋಯ್ತು. ಆದ್ರೆ ಇನ್ನೊಂದೈತೆ. ಮುಂದಿನ ವಾರ ನಿಮ್ ತರಗತಿ ಮುಗೀತದಲ್ಲ... ಮಾರನೇ ದಿನ ಭಾನುವಾರ ಅಪ್ಪ ಅಮ್ಮನ್ನ ನಿಮ್ಮನೆಗೆ ಕರ್ಕೊಂಡ್ ಬರ್ಲಾ?"

ಅವಳ ಕೆನ್ನೆ ಕೆಂಪಾಯಿತು. "ಮೊದ್ಲು ನನ್ನ ಕೇಳ್ಬೇಡ್ವಾ?"

"ಕೇಳ್ತಿದೀನಲ್ಲ ತನುಜಾ... ನನ್ನ ಮದ್ವೆ ಆಗ್ತೀರಾ?"

ಗಂಗಾಮಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಎದ್ದುಹೋದಳು.

"ಹನ್ನೊಂದಕ್ಕೆ ಬನ್ನಿ," ಎಂದಳು ತನುಜಾ ಮೆಲ್ಲಗೆ. "ಕಡುಬು ಮಾಡಿರ್ತೀನಿ."

"ಹತ್ತಕ್ಕೇ ಬರ್ತೀನಿ ಕಣ್ರೀ!"