ಮಂಗಳವಾರದ ಬೂಸ್ಟರ್

"ಭಾನುವಾರ ಚುಚ್ಚಿದ್ದೋ, ಮಂಗಳವಾರವೋ? ಅಷ್ಟು ಹೇಳಿ, ಸಾಕು."

"ಮಂಗಳವಾರ. ಎಂತ ಈಗ? ನೇಣಿಗೆ ಹಾಕ್ತೀಯಾ?"

"ರಿಜಿಸ್ಟರಿನಲ್ಲಿ ಭಾನುವಾರ ಅಂತ ಬರೆದದ್ದು ಯಾರು?"

"ನಾನೇ. ಕೆಳಗೆ ಸಹಿ ಹಾಕಿದ್ದು ನೀನೇ."

ಇಮೆಲ್ಡಾ ರಿಜಿಸ್ಟರಿನ ಪುಟ ತಿರುಗಿಸಿ ತನ್ನ ಸಹಿ ನೋಡಿದಳು. ಹಾಗೆ ಹೇಳಬಾರದಿತ್ತು. ಸಿಟ್ಟು ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

ಮಣಿಪಾಲದ ಒಂದು ಲ್ಯಾಬಿನಲ್ಲಿ ಇಲಿ ಸಾಕುವ ಕೆಲಸ ನನ್ನದು. ಕುಕ್ಕುಂದೂರಿನಿಂದ ಬಸ್ಸಿನಲ್ಲಿ ಬರುತ್ತೇನೆ. ಅವಳು ಉದ್ಯಾವರದವಳು, ಅದೇ ಲ್ಯಾಬಿನ ಟೆಕ್ನಿಷಿಯನ್. ಮೇಲಿನ ಮಹಡಿಯ ಮೇಡಂ ಲ್ಯಾಬಿನ ಮುಖ್ಯಸ್ಥೆ; ಅವರ ಹೊಸ ಲಸಿಕೆಯನ್ನು ನಮ್ಮ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಇಲಿಕೋಣೆಯಲ್ಲಿ ಟೊಪ್ಪಿ, ಗೌನು, ಮಾಸ್ಕ್ ಹಾಕಲೇಬೇಕು. ಕಾಣುವುದು ಕಣ್ಣು ಮಾತ್ರ. ನಲವತ್ತೈದು ದಾಟಿದ ನಾನು ಆ ಎರಡು ಕಣ್ಣಿಗೇ ಸೋತೆ. ನಕ್ಕರೆ ಕಣ್ಣಿನ ತುದಿಯಲ್ಲಿ ಸಣ್ಣ ಗೆರೆಗಳು ಏಳುತ್ತಿದ್ದವು. ಅವನ್ನು ಎಬ್ಬಿಸಲಿಕ್ಕೆಂದೇ ದಿನಾ ಏನಾದರೊಂದು ತಮಾಷೆ ಹೇಳುತ್ತಿದ್ದೆ.

ಇದನ್ನೂ ತಮಾಷೆಯೆಂದೇ ಹೇಳಿದ್ದು. "ನಾವು ಕಾಪುವಿಗೆ ಹೋದ ಭಾನುವಾರ ಇಲಿಗಳಿಗೆ ಬೂಸ್ಟರ್ ಕೊಡಲೇ ಇಲ್ಲ ಮಾರಾಯ್ತಿ. ನೀನು ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಸ್ ಸ್ಟಾಪಿನಲ್ಲಿ ಕಾಯ್ತಿದ್ದಿ. ನನ್ನ ಕೈ ಸಿರಿಂಜಿಗೆ ಹೋಗ್ಲಿಲ್ಲ. ಮಂಗಳವಾರ ಚುಚ್ಚಿದೆ."

ಗೆರೆ ಏಳಲಿಲ್ಲ.

ಆ ಭಾನುವಾರ "ಕೊಟ್ಟು ಬಂದ್ರಾ?" ಎಂದು ಅವಳು ಕೇಳಿದ್ದಳು. "ಆಯ್ತು" ಎಂದಿದ್ದೆ. ಕಾಪುವಿನ ಕಡಲಬದಿಯಲ್ಲಿ, ದೀಪಸ್ತಂಭದ ಬಂಡೆಯ ಮೇಲೆ ಗಾಳಿಗೆ ಅವಳ ಕೂದಲು ನನ್ನ ತುಟಿಗೆ ಬರುತ್ತಿತ್ತು. ಅವಳೂ ಸರಿಸಲಿಲ್ಲ, ನಾನೂ ಸರಿಸಲಿಲ್ಲ.

"ಮುಖ ಪೂರ್ತಿ ನೋಡಿದ್ರಲ್ಲ. ಈಗ ಬೇಡ ಅನ್ನಿಸ್ತದಾ?" ಎಂದಿದ್ದಳು, ಓರೆಗಣ್ಣಲ್ಲಿ. ಅಣ್ಣ ಆಂಡ್ರ್ಯೂಗೆ ನನ್ನ ವಿಷಯ ಹೇಳಲಿಕ್ಕೆ ಒಪ್ಪಿದ್ದು ಅಂದೇ.

ಸೋಮವಾರ ತಪಾಸಣೆಯವರು ಬಂದು ಸಂಜೆವರೆಗೆ ಕೂತರು. ಮಂಗಳವಾರ ಯಾರೂ ಇಲ್ಲದಾಗ ಚುಚ್ಚಿದೆ. ಚುಚ್ಚಿದವನ ಹೆಸರಿನ ಕೆಳಗೆ, ಎದುರು ನಿಂತು ನೋಡಿದವರು ಸಹಿ ಹಾಕಬೇಕೆಂಬುದು ನಿಯಮ. ನನ್ನ ಬಾಯಿಮಾತು ನಂಬಿ ಅವಳು ಸೋಮವಾರವೇ ಹಾಕಿಯಾಗಿತ್ತು.

"ಎರಡು ದಿನ ತಡ ಆದ್ರೆ ಎಂತ ಆಗ್ತದೆ?" ಎಂದೆ.

"ಬಿ ಸೆಲ್‌ಗಳು ಎದ್ದು ಆಂಟಿಬಾಡಿ ಬಿಡಲಿಕ್ಕೆ ಬೂಸ್ಟರ್ ಕೊಟ್ಟು ಐದು ದಿನ ಬೇಕು. ಶುಕ್ರವಾರ ಹನ್ನೆರಡು ಇಲಿಗಳನ್ನು ಕೊಂದು, ಆ ಸೆಲ್ ಇರುವ ಸ್ಪ್ಲೀನ್ ತೆಗೆದೆ. ನನ್ನ ಲೆಕ್ಕಕ್ಕೆ ಐದನೇ ದಿನ. ಅವುಗಳಿಗೆ ಮೂರೇ ದಿನ ಆಗಿತ್ತು. ಪರೀಕ್ಷೆಯ ಪ್ಲೇಟಿನಲ್ಲಿ ಆಂಟಿಬಾಡಿ ಬಿಡುವ ಒಂದು ಸೆಲ್ಲಿಗೆ ಒಂದು ಚುಕ್ಕಿ. ನೂರು ಬರುವಲ್ಲಿ ಎಂಟು, ಹತ್ತು. ಈ ಲಸಿಕೆ ಪ್ರಯೋಜನ ಇಲ್ಲ ಅಂತ ಮೇಡಂ ಕೈಬಿಟ್ರು. ಅವರ ನಾಲ್ಕು ವರ್ಷದ ಕೆಲಸ."

"ಇಲಿ ಸತ್ತಾಯ್ತು. ನಾವು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ."

"ಕೊಂದದ್ದು ನಾನು, ತಾರಾನಾಥರೇ. ಒಂದೊಂದೂ ಕೈಯಲ್ಲಿ ಬೆಚ್ಚಗೆ ಇತ್ತು. ಯಾವುದೋ ಮಗುವಿಗೆ ಉಪಯೋಗಕ್ಕೆ ಬರ್ತದೆ ಅಂತ ಮನಸ್ಸು ಗಟ್ಟಿ ಮಾಡಿ ಕೊಂದೆ."

ಅವಳು ಒಂದು ಹೆಜ್ಜೆ ಹತ್ತಿರ ಬಂದು ಕೈ ಚಾಚಿದಳು.

"ಮೇಡಂ ಮೇಲೆ ಇದ್ದಾರೆ. ಇಬ್ಬರೂ ಹೋಗಿ ಹೇಳುವ. ಬೈಲಿ, ಕೆಲಸದಿಂದ ತೆಗೀಲಿ. ನಿಮ್ಮ ಜೊತೆ ನಾನು ನಿಲ್ತೇನೆ. ಬನ್ನಿ."

ಆ ಕೈ ಹಿಡಿದಿದ್ದರೆ ಸಾಕಿತ್ತು. ಆದರೆ ಹನ್ನೊಂದು ವರ್ಷದ ಕೆಲಸ, ಎಲ್ಲರೆದುರು ತಲೆ ತಗ್ಗಿಸುವುದು, ಅದೂ ಇಲಿಗಳಿಗಾಗಿ.

"ನಿನಗೆ ನನಗಿಂತ ಇಲಿಯೇ ಹೆಚ್ಚಾಯ್ತಲ್ಲ. ಹೋಗು, ಹೇಳು. ಭಾನುವಾರವೇ ಕೊಟ್ಟದ್ದು ಅಂತ ನಾನೂ ಹೇಳ್ತೇನೆ. ನಿನ್ನದೇ ಸಹಿ ಉಂಟಲ್ಲ, ಯಾರನ್ನು ನಂಬ್ತಾರೆ ನೋಡುವ."

ಚಾಚಿದ ಕೈಯಿಂದಲೇ ಅವಳು ರಿಜಿಸ್ಟರ್ ಎತ್ತಿಕೊಂಡಳು.

"ಬರುವ ಭಾನುವಾರ ಆಂಡ್ರ್ಯೂ ನಿಮ್ಮನ್ನು ಊಟಕ್ಕೆ ಕರೆದಿದ್ದ," ಎಂದಳು ಮೆಲ್ಲಗೆ. "ಬರುವುದು ಬೇಡ."

ಬಾಗಿಲಲ್ಲಿ ಕೋಣೆಯ ಚಪ್ಪಲಿ ಕಳಚಿ ಜೋಡಿಸಿಟ್ಟು, ತನ್ನದನ್ನು ಹಾಕಿಕೊಂಡು ಮೆಟ್ಟಿಲು ಹತ್ತಿದಳು.

ಇಳಿದು ಬರುತ್ತಾಳೆ, ಬಂದ ಮೇಲೆ ಸಮಾಧಾನ ಮಾಡಿದರಾಯಿತು ಎಂದು ನಾನು ಪಂಜರ ತೊಳೆಯುತ್ತ ಕೂತೆ. ಸಂಜೆ ಐದಾಯಿತು. ಆ ಮೆಟ್ಟಿಲಲ್ಲಿ ಅವಳು ಮತ್ತೆಂದೂ ನನ್ನ ಬಳಿಗೆ ಇಳಿದು ಬರಲಿಲ್ಲ.