ಏಳನೇ ತಿರುವಿನಲ್ಲಿ ಹಸಿರು

ಮುಂದಿನ ಚಕ್ರ ಜಾರಿತು!

ಗಂಟೆಗೆ ನೂರನಲವತ್ತು ಕಿಲೋಮೀಟರ್ ವೇಗ. ಏಳನೇ ತಿರುವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೈಕ್ ಒಂದು ಕಡೆ, ನಾನೊಂದು ಕಡೆ! ಆಕಾಶ, ನೆಲ, ಆಕಾಶ... ಜಲ್ಲಿಯ ಮೇಲೆ ಬೆನ್ನು ಉಜ್ಜಿಕೊಂಡು ಹೋಗಿ ನಿಂತೆ.

ತಲೆ ಎತ್ತಿದರೆ ಇನ್ನೊಂದು ಬೈಕ್ ನನ್ನತ್ತಲೇ ಉರುಳಿ ಬರುತ್ತಿತ್ತು. ಪಕ್ಕಕ್ಕೆ ಹೊರಳಿದೆ. ಒಂದು ಗೇಣಿನಲ್ಲಿ ತಪ್ಪಿತು.

ಅದು ನನ್ನ ತಂಗಿಯ ಬೈಕು!

"ಅಣ್ಣಾ... ಏನಾಯ್ತೋ?" ಅವಳು ಮೊಣಕಾಲು ಹಿಡಿದುಕೊಂಡು ಜಲ್ಲಿಯಲ್ಲಿ ಕೂತಿದ್ದಳು.

"ಗೊತ್ತಿಲ್ಲ ಕಣೇ. ಅಲ್ಲಾಡಬೇಡ."

ಗೊತ್ತಿತ್ತು. ನನ್ನ ಹೆಲ್ಮೆಟ್ಟಿನ ಗಾಜಿನ ಮೇಲೆ ಹಸಿರು ಹನಿಗಳು. ಗ್ಲೌಸ್ ತೆಗೆದು ಬೆರಳಿನಿಂದ ಒರೆಸಿದೆ. ಎಣ್ಣೆಯ ಹಾಗೆ ಜಾರಿತು. ಕೂಲೆಂಟ್!

ನಿಮಗೆ ಇದೊಂದು ವಿಷಯ ಹೇಳಿಬಿಡಬೇಕು. ಎಂಜಿನ್ ತಂಪಾಗಿಡಲು ರೇಡಿಯೇಟರಿಗೆ ಹಾಕುವ ದ್ರವ ಈ ಕೂಲೆಂಟ್; ಆದರೆ ರೇಸ್ ಟ್ರ್ಯಾಕಿಗಿಳಿಯುವ ಬೈಕಿನಲ್ಲಿ ಬರೀ ನೀರಿರಬೇಕು. ಕೂಲೆಂಟ್ ಚೆಲ್ಲಿದರೆ ರಸ್ತೆಗೆ ಸಾಬೂನು ಬಳಿದಂತೆ. ಹಿಂದೆ ಬರುವವನ ಕತೆ ಮುಗಿಯಿತು. ಆ ಶನಿವಾರ ಬೆಳಿಗ್ಗೆ ಇಪ್ಪತ್ತೆರಡು ಬೈಕುಗಳನ್ನು ತಪಾಸಣೆ ಮಾಡಿ ಸ್ಟಿಕ್ಕರ್ ಅಂಟಿಸಿದ್ದು ನಾನೇ. ಜಜ್ಜಿಹೋದ ಗಾಡಿಗಳನ್ನು ನೋಡಿ, ಇನ್ಶೂರೆನ್ಸ್ ಕಂಪನಿಯ ಪರವಾಗಿ ಸುಳ್ಳು ಹಿಡಿಯುವುದು ನನ್ನ ಹೊಟ್ಟೆಪಾಡು. ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಾರರು ಅನ್ನುವ ಜಂಬ ಬೇರೆ!

ಆ ಸುತ್ತಿನಲ್ಲಿ ನನ್ನ ಮುಂದಿದ್ದವನು ಒಬ್ಬನೇ. ಜಿಂಕೆ.

ಹನ್ನೆರಡು ವರ್ಷದ ಗೆಳೆಯ. ಓಟ ನೋಡಿ ನಾವೇ ಇಟ್ಟ ಅಡ್ಡಹೆಸರು. ತಂಗಿಗೆ ಗೇರ್ ಹಾಕಲು ಕಲಿಸಿದವನು ಅವನು. ಪೈಪ್ ಬಿರುಕು ಬಿಟ್ಟಿರಬಹುದು, ಪಾಪ, ಅವನಿಗೇ ಗೊತ್ತಿರಲಿಕ್ಕಿಲ್ಲ ಅಂದುಕೊಂಡೆ.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರು ತಂಗಿಯ ಮೊಣಕಾಲು ಒತ್ತಿ ನೋಡಿದರು. "ಊತ ಅಷ್ಟೇ. ನಾಳೆ ಓಡಿಸ್ಬಹುದು." ನಾನು ಉಸಿರು ಬಿಟ್ಟೆ. ಮರುದಿನ ಬೆಳಿಗ್ಗೆ ಒಂದು ದೊಡ್ಡ ರೇಸ್ ತಂಡದ ಮ್ಯಾನೇಜರ್ ಒಬ್ಬರನ್ನು ಆರಿಸುವವನಿದ್ದ. ಪೈಪೋಟಿ ಇದ್ದದ್ದು ಇಬ್ಬರಿಗೆ. ತಂಗಿ, ಜಿಂಕೆ.

ಆಗ ಮೇಷ್ಟ್ರು ಒಳಗೆ ಬಂದರು. ಟ್ರ್ಯಾಕಿನಲ್ಲಿ ಎರಡು ದಿನದ ಈ ಓಟಗಳನ್ನೆಲ್ಲ ನಡೆಸುವವರು ಅವರೇ. ಮುಖ ಗಂಟಿಕ್ಕಿತ್ತು.

"ನಿನ್ನ ತಂಗಿ ಬೈಕಲ್ಲಿ ಕೂಲೆಂಟ್ ಇದೆಯಲ್ಲಯ್ಯಾ! ಶೆಡ್ಡಲ್ಲಿ ತೊಟ್ಟಿಕ್ತಾ ಇದೆ. ಎಲ್ರೂ ನೋಡಿದಾರೆ."

"ಸಾಧ್ಯವೇ ಇಲ್ಲ ಮೇಷ್ಟ್ರೇ! ಅವಳು ನನ್ನ ಹಿಂದಿದ್ಳು!"

"ಹಿಂದಿನ ಸುತ್ತಲ್ಲಿ ಸುರಿದಿರುತ್ತೆ. ಎರಡು ವರ್ಷ ಬ್ಯಾನ್. ನಾಲ್ಕು ಗಂಟೆಗೆ ಅನೌನ್ಸ್ ಮಾಡ್ತೀನಿ."

ಗೋಡೆ ಗಡಿಯಾರದಲ್ಲಿ ಮೂರೂಕಾಲು. ತಂಗಿಯ ಮುಖದಲ್ಲಿ ರಕ್ತವಿರಲಿಲ್ಲ.

ಅವಳ ಬೈಕಿನ ಕೂಲೆಂಟ್ ತೆಗೆದು ನೀರು ಹಾಕಿದ್ದು ನಾನು. ಅದೂ ಎರಡೆರಡು ಸಲ, ಎಲ್ಲರ ಎದುರಿಗೆ! ಅಣ್ಣ ಕಣ್ಣುಮುಚ್ಚಿ ಸ್ಟಿಕ್ಕರ್ ಕೊಟ್ಟ ಅಂತ ಯಾರೂ ಆಡಿಕೊಳ್ಳಬಾರದಲ್ಲ? ಅಂದರೆ ಬಿದ್ದ ಮೇಲೆ ಯಾರೋ ಬೇಕಂತಲೇ ಸುರಿದಿದ್ದಾರೆ.

ಅವಳು ಹೊರಬಿದ್ದರೆ ಲಾಭ ಒಬ್ಬನಿಗೇ. ಜಿಂಕೆಯ ಶೆಡ್ಡಿಗೆ ಓಡಿದೆ.

ಅವನು ನೀರಿನ ಕ್ಯಾನ್ ಹಿಡಿದು ಬೈಕಿನ ಪಕ್ಕ ಬಗ್ಗಿದ್ದ. ಎಡಗೈ ಬರಿಗೈ. ಬಲಗೈಯಲ್ಲಿ ಮಾತ್ರ ಗ್ಲೌಸ್. ಆ ಸೆಕೆಯಲ್ಲಿ!

"ತಂಗಿ ಹೇಗಿದಾಳೋ?"

"ಗ್ಲೌಸ್ ತೆಗಿ."

"ಯಾಕೋ?"

"ತೆಗಿ ಅಂದೆ!"

ಕ್ಯಾನ್ ನನ್ನ ಮುಖಕ್ಕೆ ಎಸೆದ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಬೈಕ್ ಹಿಂದಿನ ಗೇಟು ದಾಟಿತ್ತು.

ಕಾವಲಿನವನ ಸ್ಕೂಟರ್ ಕಿತ್ತುಕೊಂಡು ಹಿಂದೆ ಬಿದ್ದೆ. ಸಾವಿರ ಸಿಸಿ ಬೈಕಿನ ಹಿಂದೆ ನೂರು ಸಿಸಿ ಸ್ಕೂಟರ್! ನೋಡಿದವರು ಬಿದ್ದು ಬಿದ್ದು ನಕ್ಕಿರಬೇಕು. ನಗಲಿ. ತನ್ನ ರೇಡಿಯೇಟರಿನಲ್ಲಿ ಉಳಿದದ್ದನ್ನೆಲ್ಲ ಅವನು ತಂಗಿಯ ಬೈಕಿಗೆ ಸುರಿದಿದ್ದ. ನೀರು ತುಂಬಿಕೊಳ್ಳಲು ನಾನು ಪುರುಸೊತ್ತು ಕೊಟ್ಟಿರಲಿಲ್ಲ. ಒಣ ಎಂಜಿನ್ ಎಷ್ಟು ದೂರ ಓಡೀತು?

ಮೂರು ಕಿಲೋಮೀಟರ್! ರಸ್ತೆ ಬದಿಯಲ್ಲಿ ಬೈಕ್ ಹೊಗೆ ಕಾರುತ್ತ ನಿಂತಿತ್ತು. ಅವನ ಎಡಗೈಯಲ್ಲಿ ಕಲ್ಲು.

"ಹತ್ರ ಬಂದ್ರೆ ತಲೆ ಒಡೀತೀನಿ!"

ಬೀಸಿದ. ಭುಜ ಕೊಟ್ಟೆ. ಗ್ಲೌಸ್ ಹಾಕಿದ ಕೈಯನ್ನು ಹಿಡಿದು ತಿರುಚಿದೆ. ಚೀರಿದ! ಗ್ಲೌಸ್ ಎಳೆದೆ. ಅಂಗೈ ತುಂಬ ಬೊಬ್ಬೆ. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಅವಸರದಲ್ಲಿ ತೆರೆದವನ ಕೈ ಅದು.

"ಸೋರ್ತಿದ್ದದ್ದು ಗೊತ್ತಿತ್ತಾ?"

"ಎರಡು ಸುತ್ತು ಮುಂಚೆ ಗೊತ್ತಾಯ್ತು... ಟೈಮ್ ಚೆನ್ನಾಗಿ ಬರ್ತಿತ್ತು ಕಣೋ. ನಿಲ್ಸಕ್ಕೆ ಮನಸಾಗ್ಲಿಲ್ಲ."

"ಹಿಂದೆ ನಾವಿದ್ವಲ್ಲೋ!"

ಅವನು ಮುಖ ತಿರುಗಿಸಿದ.

"ಅವಳ ಬೈಕಿಗೆ ಯಾಕೋ ಸುರಿದೆ? ನಿನ್ನನ್ನ ಅಣ್ಣ ಅಂತಿದ್ಳಲ್ಲೋ ಪಾಪಿ!"

"ಅವಳಿಗಿನ್ನೂ ಇಪ್ಪತ್ಮೂರು. ಹತ್ತು ಚಾನ್ಸ್ ಸಿಗುತ್ತೆ. ನಂಗೆ ಇದೇ ಕೊನೇದು." ಆಮೇಲೆ ನಕ್ಕ. "ಹೋಗಿ ಹೇಳು! ನನ್ನ ಬೈಕಿಗೆ ಸ್ಟಿಕ್ಕರ್ ಹಾಕಿದ್ದು ಯಾರು? ಮುಚ್ಚಳ ತೆಗೆದು ನೋಡಿದ್ಯಾ? ನಾನು ಮುಳುಗಿದ್ರೆ ನೀನೂ ಮುಳುಗ್ತೀಯ ಕಣೋ."

ಸುಳ್ಳಲ್ಲ. ಬೆಳಿಗ್ಗೆ "ನೀರು ಹಾಕಿದೀಯೇನೋ?" ಅಂದಿದ್ದೆ. "ಹಾಕಿದೀನಿ ಕಣೋ" ಅಂದಿದ್ದ. ಅಂಟಿಸಿಬಿಟ್ಟಿದ್ದೆ. ಒಡಹುಟ್ಟಿದವಳ ಬೈಕನ್ನು ಎರಡು ಸಲ ಬಿಚ್ಚಿ ನೋಡಿದ ನಾನು ಇವನ ಬಾಯಿಮಾತು ನಂಬಿದ್ದೆ! ನಾನು ನಂಬುತ್ತೇನೆ ಅಂತ ಅವನಿಗೂ ಮೊದಲೇ ಗೊತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದೇ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವನನ್ನು ಸ್ಕೂಟರಿನಲ್ಲಿ ಎಳೆತಂದು ಮೇಷ್ಟ್ರ ಮುಂದೆ ನಿಲ್ಲಿಸಿದೆ. ಎಲ್ಲ ಹೇಳಿದೆ. ಅವರು ಬ್ಯಾನ್ ಪಟ್ಟಿಯಲ್ಲಿ ತಂಗಿಯ ಹೆಸರು ಹೊಡೆದುಹಾಕಿ ಜಿಂಕೆಯ ಹೆಸರು ಬರೆದರು.

"ನನ್ನ ಹೆಸರೂ ಬರೀರಿ. ಮುಚ್ಚಳ ತೆಗೆದು ನೋಡ್ಲಿಲ್ಲ ನಾನು."

"ನಿಂಗೂ ಎರಡು ವರ್ಷ ಆಗುತ್ತಯ್ಯಾ!"

"ಬರೀರಿ ಮೇಷ್ಟ್ರೇ."

ಸುದ್ದಿ ಕೇಳಿ ತಂಗಿ "ಅವನೇನಾ ಅಣ್ಣಾ? ನಿಜವಾಗ್ಲೂ ಅವನೇನಾ?" ಅಂತ ಮೂರು ಸಲ ಕೇಳಿದಳು. ಬಿದ್ದಾಗ ಅಳದಿದ್ದವಳು ಆಗ ಅತ್ತಳು.

ಮರುದಿನ ಊದಿದ ಮೊಣಕಾಲಿನಲ್ಲೇ ಓಡಿಸಿದಳು. ನಾನು ಬೇಲಿಯಾಚೆ ನಿಂತು ನೋಡಿದೆ. ತಂಡಕ್ಕೆ ಅವಳೇ ಆಯ್ಕೆಯಾದಳು.

ಹೊರಡುವ ಹೊತ್ತಿಗೆ ಜಿಂಕೆ ನನ್ನ ವ್ಯಾನಿನ ಪಕ್ಕ ಕಾಯುತ್ತಿದ್ದ. ಮೂವರೂ ಬಂದದ್ದು ಅದರಲ್ಲೇ. ರಸ್ತೆ ಬದಿಯಿಂದ ಎಳೆಸಿ ತಂದಿದ್ದ ಅವನ ಬೈಕನ್ನು ನಾನು ಒಳಗೆ ಹತ್ತಿಸಿ, ಬೆಲ್ಟ್ ಬಿಗಿದು, ಬಾಗಿಲು ಹಾಕಿದೆ.

"ಮತ್ತೆ... ನಾನು?" ಅಂದ.

"ನಡ್ಕೊಂಡು ಹೋಗು. ಬೈಕ್ ಮನೆಗೆ ತಲುಪಿಸ್ತೀನಿ... ಅದು ನಂಗೇನೂ ದ್ರೋಹ ಮಾಡಿಲ್ಲ!"